ಕಾಲಿನಿಂದ ಮೇಲೇರುವ ನಿತ್ರಾಣ

(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಉತ್ಸವದ ದಿನ ರೋಗದ ಮಾತನ್ನೆತ್ತುವುದು ಉಚಿತವೇ ಎಂದು ಕೆಲವರಿಗೆ ತೋರಬಹುದು. ಆದರೆ ಹೊರನಾಡಿನಲ್ಲಿ ನೆಲೆಸಿದ ನಮ್ಮಲ್ಲಿ ಒಂದು ರೂಢಿಯುಂಟು. ಮೈ ನೆಟ್ಟಗಿಲ್ಲವೆಂದರೆ, "ಊರಿಗೆ ಹೋಗಿ ತೋರಿಸೋಣ" ಎಂದು ಹುಬ್ಬಳ್ಳಿಯ ರೈಲು ಹತ್ತಿಬಿಡುತ್ತೇವೆ. ಎಷ್ಟೋ ರೋಗಗಳಲ್ಲಿ ಇದರಿಂದ ಕೇಡಿಲ್ಲ. ಕೆಲವು ರೋಗಗಳಲ್ಲಿಯಾದರೋ ಆ ಪ್ರಯಾಣವೇ ಪ್ರಾಣಕ್ಕೆ ಎರವಾದೀತು. ಅಂತಹ ಒಂದನ್ನು ಕುರಿತು ನಾಲ್ಕು ಮಾತುಗಳನ್ನಾಡುವೆನು.

ಆ ರೋಗಕ್ಕೆ ಗಿಲ್ಲನ್-ಬಾರೆ ಎಂದು ಹೆಸರು. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಗಿಲ್ಲನ್, ಬಾರೆ, ಸ್ಟ್ರೋಲ್ ಎಂಬ ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಇದನ್ನು ಕಂಡು ವರ್ಣಿಸಿದರು. ವರ್ಷಕ್ಕೆ ಲಕ್ಷದಲ್ಲಿ ಒಬ್ಬಿಬ್ಬರಿಗೆ ಬರುವಂಥದು. ಮೊದಲು ಬೆರಳುಗಳಲ್ಲಿ ಜುಮುಜುಮು; ಬಳಿಕ ಮೆಟ್ಟಿಲು ಹತ್ತಲು, ಕುಳಿತಲ್ಲಿಂದ ಏಳಲು ಕಷ್ಟ. ಕೆಲವೇ ದಿನಗಳಲ್ಲಿ ನಿತ್ರಾಣವು ಎರಡೂ ಕಾಲುಗಳಿಂದ ತೋಳುಗಳಿಗೆ ಏರುತ್ತದೆ. ನಾಲ್ವರಲ್ಲಿ ಸುಮಾರು ಒಬ್ಬರಿಗೆ ಉಸಿರಾಟದ ಸ್ನಾಯುಗಳೂ ಸೋತು ಯಂತ್ರದ ಆಸರೆ ಬೇಕಾಗುತ್ತದೆ.

ಕಾರಣವೇನು? ದೇಹದ ಕಾವಲುಪಡೆಯು ತನ್ನವರನ್ನೇ ಹಗೆಗಳೆಂದು ಭ್ರಮಿಸುವುದು. ಕಲುಷಿತ ನೀರು, ಅರೆಬೆಂದ ಕೋಳಿಮಾಂಸಗಳ ಮೂಲಕ ಬರುವ ಕ್ಯಾಂಪಿಲೊಬ್ಯಾಕ್ಟರ್ ಎಂಬ ಜೀವಾಣುವಿನ ಹೊರಮೈಯ ಒಂದು ಅಂಶವು ನಮ್ಮ ನರಗಳಲ್ಲಿರುವ ಅಂಶವನ್ನೇ ಹೋಲುತ್ತದೆ. ಜೀವಾಣುವಿಗಾಗಿ ಮಸೆದ ಆಯುಧ ನರಕ್ಕೆ ನಾಟುತ್ತದೆ. ತಂತಿಯ ಮೇಲಿನ ರಬ್ಬರಿನಂತೆ ನರವನ್ನು ಕಾಯುವ ಹೊದಿಕೆಯೋ ನರತಂತುವೋ ಹಾಳಾಗುತ್ತದೆ. ಭೇದಿಯೋ ನೆಗಡಿಯೋ ವಾಸಿಯಾದ ಒಂದೆರಡು ವಾರಗಳ ಮೇಲೆ ಇದು ತಲೆದೋರುವುದು ಈ ಕಾರಣದಿಂದಲೇ. 2025ರ ಆರಂಭದಲ್ಲಿ ಪುಣೆಯ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ಈ ರೋಗ ಹಬ್ಬಿದಾಗ, ಹಲವರ ಪರೀಕ್ಷೆಯಲ್ಲಿ ಈ ಜೀವಾಣು ಕಂಡುಬಂದಿತು. ಇದು ಮಾಟವಲ್ಲ, ಸೋಮಾರಿತನವಲ್ಲ. ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರವೈದ್ಯೆ, ಮುಂದೆ ಆ ಸಂಸ್ಥೆಯ ನಿರ್ದೇಶಕಿಯೂ ಆದ ಡಾ. ಎಂ. ಗೌರಿದೇವಿಯವರು ಸಹೋದ್ಯೋಗಿಯೊಡನೆ 1985ರಲ್ಲಿ ಈ ರೋಗವನ್ನು ಕುರಿತು ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಕತ್ತಿನಿಂದ ಇಳಿದು ವಪೆಯನ್ನು, ಎಂದರೆ ಉಸಿರಾಟದ ಮುಖ್ಯ ಸ್ನಾಯುವನ್ನು, ಆಡಿಸುವ ನರವೊಂದುಂಟು. ಅದರಲ್ಲಿ ಸಂದೇಶ ಸಾಗಲು ಹಿಡಿಯುವ ಕಾಲವನ್ನು ಅವರು ರೋಗಿಗಳಲ್ಲಿ ಅಳೆದರು. ಉಸಿರು ಸೋಲುವ ಅಪಾಯವನ್ನು ಮುಂಗಾಣುವುದಕ್ಕೆ ಅಂತಹ ಅಳತೆ ನೆರವಾಗುತ್ತದೆ. ನಾವು ಕಾಲನ್ನು ನೋಡುತ್ತಿರುವಾಗ ವೈದ್ಯರು ಉಸಿರನ್ನು ನೋಡುತ್ತಿರಬೇಕು ಎಂಬುದೇ ಇದರ ಪಾಠ.

ಚಿಕಿತ್ಸೆಯುಂಟು. ರಕ್ತದ ದ್ರವಭಾಗವನ್ನು ಬದಲಿಸುವುದು ಒಂದು. ದಾನಿಗಳ ರಕ್ತದಿಂದ ತೆಗೆದ ಇಮ್ಯುನೊಗ್ಲಾಬ್ಯುಲಿನ್ ಕೊಡುವುದು ಮತ್ತೊಂದು. ಎರಡೂ ಸರಿಸಮವೆಂದು ಪರೀಕ್ಷೆಗಳು ತೋರಿಸಿವೆ. ಎರಡನೆಯದು ಬಹಳ ದುಬಾರಿ. ಯಾವುದಾದರೂ ಮೊದಲ ಎರಡು ವಾರಗಳಲ್ಲಿ ದೊರೆತರೆ ಲಾಭ ಹೆಚ್ಚು. ಬಹುಮಂದಿ ಮತ್ತೆ ನಡೆಯುತ್ತಾರೆ. ಅದಕ್ಕೆ ತಿಂಗಳುಗಳೇ ಹಿಡಿಯಬಹುದು, ಕೆಲವರಲ್ಲಿ ಊನ ಉಳಿಯುವುದೂ ಉಂಟು.

ಆದ್ದರಿಂದ ನನ್ನ ಬಿನ್ನಹವಿಷ್ಟೇ. ನಿತ್ರಾಣವು ದಿನದಿನಕ್ಕೆ ಮೇಲೇರುತ್ತಿದ್ದರೆ ಘಟ್ಟ ಹತ್ತಬೇಡಿ. ನಡುದಾರಿಯಲ್ಲಿ, ಕ್ಯಾಸಲ್‌ರಾಕಿನ ಕಾಡಿನ ನಡುವೆ ಉಸಿರು ಕಟ್ಟಿದರೆ ಗತಿಯೇನು? ಮೊದಲು ಮಡಗಾಂವಿನ ಜಿಲ್ಲಾ ಆಸ್ಪತ್ರೆಗೋ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿಗೋ ಹೋಗಿ. 108ಕ್ಕೆ ಕರೆ ಮಾಡಿ. ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲಾಗದಿದ್ದರೆ ಒಂದು ಗಳಿಗೆಯನ್ನೂ ಕಳೆಯಬೇಡಿ. ಎಣಿಸಬಲ್ಲರೆಂದು ಸುಮ್ಮನೆ ಕೂಡಲೂ ಬೇಡಿ.

ನಮ್ಮ ಸಂಘಕ್ಕೂ ಇಲ್ಲಿ ಕೆಲಸವುಂಟು. ಜೋಮು ಬೇರೆ, ನೋವು ಬೇರೆ, ಬಲಗುಂದುವುದು ಬೇರೆ. ಗದಗಿನಿಂದಲೋ ಬಾಗಿಲುಕೋಟೆಯಿಂದಲೋ ದುಡಿಯಲು ಬಂದ ಬಡವನು ಕೊಂಕಣಿಯಲ್ಲಿ ಈ ಭೇದವನ್ನು ಹೇಗೆ ತಿಳಿಸಿಯಾನು? ಎಂದು ಭೇದಿಯಾಯಿತು, ಎಂದು ಕಾಲು ಸೋತಿತು, ಎಂದು ಕೈಗೇರಿತು ಎಂಬುದನ್ನು ಅವನ ಪರವಾಗಿ ಹೇಳಲು ಕನ್ನಡ ಬಲ್ಲವನೊಬ್ಬ ಜತೆಗೆ ಹೋದರೆ, ಅದೂ ನುಡಿಸೇವೆಯೇ. ಕನ್ನಡವನ್ನು ಉಳಿಸುವ ಮಾತನ್ನು ಇಂದು ಬಹಳವಾಗಿ ಕೇಳಿದೆವು. ಕನ್ನಡವು ಒಬ್ಬ ಕನ್ನಡಿಗನನ್ನು ಉಳಿಸುವ ಸಂದರ್ಭವೂ ಬರಬಹುದು. ಅದಕ್ಕೆ ನಾವು ಸಿದ್ಧರಿರೋಣ.