ಹೂಮರದ ಮುಂದೆ ಕುಳಿತು: ನಿಸರ್ಗಚಿತ್ರದ ಶಿಸ್ತು



ನಿಸರ್ಗಚಿತ್ರ ಕುರಿತ ಈ ವಿಚಾರ ಸಂಕಿರಣದ ಆಶಯವನ್ನು ಒಬ್ಬ ಕಲಾವಿದರ ಮೂಲಕ ನಿಮ್ಮ ಮುಂದಿಡುತ್ತೇನೆ. ಅವರು ರುಮಾಲೆ ಚನ್ನಬಸವಯ್ಯ. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ರುಮಾಲೆ, ಚಿತ್ರಕಲೆ ಕಲಿತ ಕೈಯನ್ನು ಸ್ವಾತಂತ್ರ್ಯ ಹೋರಾಟಕ್ಕೆ ಕೊಟ್ಟರು, ಸೆರೆಮನೆ ಕಂಡರು. ಸಾರ್ವಜನಿಕ ಬದುಕಿನಲ್ಲಿ ದಶಕಗಳು ಕಳೆದ ಮೇಲೆ, 1960ರ ದಶಕದಲ್ಲಿ ಮತ್ತೆ ಕುಂಚ ಹಿಡಿದರು. 1988ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಬೆಂಗಳೂರಿನ ಹೂಮರಗಳೆಂದರೆ ರುಮಾಲೆ ಎನ್ನುವಂತಾಗಿತ್ತು.

ಮೊದಲು ನಿಸರ್ಗಪ್ರೇಮ, ಆಮೇಲೆ ಚಿತ್ರ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಕುಳಿತು ನೋಡುವ ಕೆಲಸವೇ ಆ ಪ್ರೀತಿಯನ್ನು ಬೆಳೆಸುತ್ತದೆ ಎಂಬುದು ನನ್ನ ನಂಬಿಕೆ.

ಹೂಮರದ ಎದುರು ಕುಳಿತವರಿಗೆ ಇದು ಬೇಗ ತಿಳಿಯುತ್ತದೆ. ಹಳದಿ ತಬೂಬಿಯಾ ಎಲೆ ಉದುರಿಸಿ ಹೂ ಬಿಡುತ್ತದೆ. ಹೀಗಾಗಿ ಹಳದಿಯ ನಡುವೆ ಕಪ್ಪು ಕೊಂಬೆಗಳ ರೇಖೆ ಎದ್ದು ಕಾಣುತ್ತದೆ, ಹೂರಾಶಿ ನೇರವಾಗಿ ಆಕಾಶಕ್ಕೆ ತಾಗುತ್ತದೆ. ಜಕರಂದಾದ ನೇರಳೆ ಕೊಂಬೆಯಲ್ಲಿ ಮಾತ್ರ ಇರುವುದಿಲ್ಲ. ಉದುರಿದ ಹೂವಿನಿಂದ ನೆಲವೂ ನೇರಳೆಯಾಗಿ, ನೆರಳಿಗೆ ಬೇರೆಯೇ ಬಣ್ಣ ಹುಡುಕಬೇಕಾಗುತ್ತದೆ. ಗುಲ್‌ಮೊಹರ್‌ನಲ್ಲಿ ಕೆಂಪಿನ ಪಕ್ಕದಲ್ಲೇ ಹೊಸ ಹಸಿರು ಇರುತ್ತದೆ. ಒಂದು ಇನ್ನೊಂದನ್ನು ಉರಿಸುತ್ತದೆ. ಈ ಯಾವ ಮರವೂ ಕಲಾವಿದನ ಬಿಡುವಿಗೆ ಕಾಯುವುದಿಲ್ಲ. ಹೂವಿನ ಸುಗ್ಗಿ ಕೆಲವೇ ವಾರ. ಬೆಳಗಿನ ನೆರಳು ಒಂದು ಗಂಟೆಯಲ್ಲಿ ಜಾಗ ಬಿಡುತ್ತದೆ. ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಬಿಡಬೇಕು, ಜಲವರ್ಣದಲ್ಲಿ ಬಿಸಿಲಿಗಾಗಿ ಎಷ್ಟು ಬಿಳಿ ಕಾಗದ ಉಳಿಸಬೇಕು ಎಂಬ ನಿರ್ಧಾರಗಳು ಅಲ್ಲೇ, ಆಗಲೇ ಆಗಬೇಕು. ರುಮಾಲೆಯವರ ತೈಲವರ್ಣದ ದಪ್ಪ, ಚುರುಕು ಕುಂಚದ ಹೊಡೆತಗಳಲ್ಲಿ ಈ ಅವಸರವೂ ಇದೆ, ಸಂಭ್ರಮವೂ ಇದೆ.

ಇದೇ ಶಿಸ್ತಿನಿಂದ ಇಂಗ್ಲೆಂಡಿನ ನಿಸರ್ಗಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1821 ಮತ್ತು 1822ರಲ್ಲಿ ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲಿ ಮೋಡಗಳನ್ನೇ ಗುರಿಯಾಗಿಟ್ಟುಕೊಂಡು ಅಭ್ಯಾಸಚಿತ್ರಗಳನ್ನು ಬರೆದರು. ಅವುಗಳಲ್ಲಿ ಹಲವುಗಳ ಹಿಂಬದಿಯಲ್ಲಿ ದಿನಾಂಕ, ಹೊತ್ತು, ಗಾಳಿಯ ದಿಕ್ಕನ್ನು ಗುರುತುಹಾಕಿದರು. ಅವರ ದೊಡ್ಡ ಚಿತ್ರಗಳ ಆಕಾಶ ಇಂದಿಗೂ ಉಸಿರಾಡುತ್ತಿದ್ದರೆ, ಅದರ ಹಿಂದೆ ಈ ದುಡಿಮೆಯಿದೆ.

ರುಮಾಲೆಯವರು ಬರೆದ ಬೆಂಗಳೂರಿಗೂ ಒಂದು ಕಲೆಗಾರಿಕೆಯ ಹಿನ್ನೆಲೆಯಿದೆ. 1908ರಿಂದ ಅಲ್ಲಿನ ಸಸ್ಯೋದ್ಯಾನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್, ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಯೋಜಿಸಿದವರು. ಜಕರಂದಾ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರ್‌ನದು. ದೂರದಿಂದ ಬಂದ ಈ ಮರಗಳನ್ನು ನಮ್ಮೂರಿನವಾಗಿ ಕಾಣುವ ಕಣ್ಣನ್ನು ನಮಗೆ ಕೊಟ್ಟವರಲ್ಲಿ ರುಮಾಲೆ ಮುಖ್ಯರು.

ಆದ್ದರಿಂದ ಇಲ್ಲಿ ನಡೆಯಲಿರುವ ಗೋಷ್ಠಿಗಳ ಮುಂದೆ ಮೂರು ಕೆಲಸಗಳನ್ನು ಇಡುತ್ತೇನೆ. ಮೊದಲನೆಯದು, ನಮ್ಮ ಕಲಾಶಾಲೆಗಳಲ್ಲಿ ಬಯಲಿನಲ್ಲಿ ಕುಳಿತು ಬರೆಯುವ ಅಭ್ಯಾಸಕ್ಕೆ ವರ್ಷವಿಡೀ ಸ್ಥಾನ ಸಿಗಬೇಕು. ಫೋಟೊ ನೋಡಿ ಬರೆದವರಿಗೆ ನೆರಳು ಸರಿಯುವುದು ಗೊತ್ತಾಗುವುದಿಲ್ಲ. ಎರಡನೆಯದು, ರುಮಾಲೆಯವರ ಚಿತ್ರಗಳಲ್ಲಿರುವ ಜಾಗ, ಮರ, ಋತುಗಳನ್ನು ಕಲಾ ಇತಿಹಾಸಕಾರರೂ ಸಸ್ಯಶಾಸ್ತ್ರಜ್ಞರೂ ಒಟ್ಟಾಗಿ ಗುರುತಿಸಿ ದಾಖಲಿಸಬೇಕು. ರಸ್ತೆ ಅಗಲೀಕರಣಕ್ಕೆ ಸಾಲುಮರಗಳನ್ನು ಕಳೆದುಕೊಂಡ ನಗರಕ್ಕೆ ಈ ಚಿತ್ರಗಳು ಸಾಕ್ಷಿಯೂ ಹೌದು. ಮೂರನೆಯದು, ಯುವ ಕಲಾವಿದರು ಒಂದೇ ಮರವನ್ನು ಚಿಗುರು, ಹೂ, ಕಾಯಿ, ಬೋಳು ಕೊಂಬೆಗಳವರೆಗೆ ಬಿಡದೆ ಹಿಂಬಾಲಿಸಬೇಕು.

ಅಷ್ಟು ಕಾಲ ನೋಡಿದ ಮರವನ್ನು ಕಡಿಯಲು ಬಂದರೆ ಯಾರೂ ಸುಮ್ಮನಿರಲಾರರು. ನಿಸರ್ಗಚಿತ್ರದ ಕಲಿಕೆ ಸಮಾಜಕ್ಕೆ ಕೊಡಬಲ್ಲ ದೊಡ್ಡ ಕೊಡುಗೆ ಅದು. ನಿಮ್ಮ ಪ್ರಬಂಧಗಳೂ ಚರ್ಚೆಗಳೂ ಆ ದಿಕ್ಕಿನಲ್ಲಿ ನಮ್ಮನ್ನು ಕೆಲಸಕ್ಕೆ ಹಚ್ಚಲಿ ಎಂದು ಹಾರೈಸುತ್ತೇನೆ.