ಪಂಪಿನ ರಿಂಗು ಮತ್ತು ಅಡಿಕೆಯ ಕೊನೆ

ಮುಂಗಾರು ಹತ್ತಿರವಾದಂತೆ ಸೊರಬ, ಶಿಕಾರಿಪುರಗಳ ಅಡಿಕೆ ತೋಟಗಳಲ್ಲಿ ಒಂದೇ ಆತುರ: ಮಳೆ ಹಿಡಿಯುವುದರೊಳಗೆ ಕೊನೆಗಳಿಗೆ ಬೋರ್ಡೋ ದ್ರಾವಣ ಬೀಳಬೇಕು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಾಸಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿಂದೀಚೆಗೆ ಮೈಲುತುತ್ತ ಸುಣ್ಣಗಳ ಈ ಮದ್ದನ್ನು ಮಲೆನಾಡಿನವರೆಲ್ಲ ಬಲ್ಲರು. ಅದನ್ನು ಮರದ ತುದಿಗೇರಿಸುವ ಪಂಪಿನ ಒಡಲಲ್ಲಿ ಏನು ನಡೆಯುತ್ತದೆಂದು ವಿಚಾರಿಸುವವರು ಕಡಿಮೆ. ಚಂದ್ರಗುತ್ತಿಯ ಕಡೆ ಮಳೆ ಕುಳಿತಿತೆಂದರೆ ಬಿಸಿಲು ಕಾಣುವುದು ಯಾವಾಗಲೋ! ಅಂಥ ಹೊತ್ತಿನಲ್ಲಿ ಸವೆದ ಒಂದು ರಿಂಗು ವರ್ಷದ ಫಸಲಿಗೇ ಸಂಚಕಾರ ತಂದೀತು.

ಮನೆಯಲ್ಲಿ ಸೈಕಲ್ಲಿಗೆ ಗಾಳಿ ಹಾಕುವ ಹಳೆಯ ಪಂಪಿದ್ದರೆ ಅದರ ದಂಡವನ್ನು ಹೊರಗೆಳೆದು ನೋಡಿ. ತುದಿಯಲ್ಲಿ ಬಟ್ಟಲಿನಾಕಾರದ ಚರ್ಮದ ವಾಷರ್ ಇರುತ್ತದೆ. ಕೆಳಕ್ಕೊತ್ತಿದಾಗ ಒಳಗಿನ ಗಾಳಿಯೇ ಬಟ್ಟಲಿನ ಅಂಚನ್ನು ಹಿಗ್ಗಿಸಿ ಕೊಳವೆಯ ಗೋಡೆಗೆ ಅದುಮುತ್ತದೆ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹಕ್ಕು ಪಡೆದ ನೀರೊತ್ತಡದ ಯಂತ್ರ ಗೆದ್ದದ್ದೂ ಇಂಥ ಚರ್ಮದ ಪಟ್ಟಿಯಿಂದಲೇ. ಎಂಜಿನ್ನಿನಿಂದ ನಡೆಯುವ ಔಷಧಿ ಪಂಪಿನಲ್ಲಿ ಆ ಕೆಲಸವನ್ನು ರಬ್ಬರಿನ ರಿಂಗುಗಳು ಮಾಡುತ್ತವೆ.

ಈ ಉಪಾಯದಲ್ಲಿಯೇ ಒಂದು ತೊಡಕೂ ಇದೆ. ಒತ್ತಡ ಹೆಚ್ಚಿದಷ್ಟೂ ರಿಂಗು ಗೋಡೆಗೆ ಬಿಗಿಯಾಗುತ್ತದೆ, ಬಿಗಿಯಾದಷ್ಟೂ ಉಜ್ಜಾಟ ಹೆಚ್ಚುತ್ತದೆ. ಮದ್ದು ಇನ್ನಷ್ಟು ಎತ್ತರಕ್ಕೆ ಹಾರಲೆಂದು ಒತ್ತಡದ ತಿರುಪನ್ನು ಕೊನೆಯವರೆಗೂ ಬಿಗಿಯುವವರು ಇದನ್ನು ನೆನೆಯಬೇಕು.

ಉಜ್ಜಾಟವನ್ನು ತಗ್ಗಿಸುವುದು ನಡುವಿನ ತೆಳ್ಳನೆಯ ಪೊರೆ. ಅದರ ದಪ್ಪ ತಲೆಗೂದಲಿಗಿಂತ ಎಷ್ಟೋ ಪಾಲು ಕಡಿಮೆ. ಪಿಸ್ಟನ್ ವೇಗವಾಗಿ ಓಡುವಾಗ ಪೊರೆ ತಾನೇ ಉಳಿದುಕೊಳ್ಳುತ್ತದೆ. ಓಟದ ಎರಡೂ ತುದಿಗಳಲ್ಲಿ ಪಿಸ್ಟನ್ ಕ್ಷಣಕಾಲ ನಿಂತು ಹಿಂದಿರುಗುವಾಗ ಅದು ತೆಳುವಾಗಿ ಹರಿಯುತ್ತದೆ. ಸವೆತ ಹೆಚ್ಚುವುದು ಅಲ್ಲಿ. ಟ್ರಾಕ್ಟರಿನಲ್ಲಿ ನೇಗಿಲನ್ನೆತ್ತುವ ಹೈಡ್ರಾಲಿಕ್ ಪಂಪಿಗೆ ಈ ಕಷ್ಟ ಅಷ್ಟಿಲ್ಲ. ಅದು ದೂಡುವುದೇ ಎಣ್ಣೆ, ಆ ಎಣ್ಣೆಯೇ ಅದರ ಕೀಲೆಣ್ಣೆ. ನಮ್ಮ ಔಷಧಿ ಪಂಪು ದೂಡುವುದು ನೀರನ್ನು, ಅದೂ ಸುಣ್ಣದ ಹರಳು ಬೆರೆತ ನೀರನ್ನು. ನೀರಿಗೆ ಎಣ್ಣೆಯ ಜಿಗುಟಿಲ್ಲ. ಸುಣ್ಣದ ಹರಳೋ, ಅರದಂತೆ ಕೊರೆಯುತ್ತದೆ. ಆದ್ದರಿಂದ ಸುಣ್ಣದ ತಿಳಿಯನ್ನು ಬಟ್ಟೆಯಲ್ಲಿ ಸೋಸಿದರೆ ನಳಿಗೆಯ ಬಾಯಿ ಕಟ್ಟದಿರುವುದಲ್ಲದೆ ರಿಂಗೂ ಬಾಳುತ್ತದೆ. ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿ ತಾಮ್ರದ ಕೆಂಪು ಅಂಟುವುದೋ ಎಂದು ನೋಡುವ ಪದ್ಧತಿಯಿದೆಯಲ್ಲ, ಅದೂ ಪಂಪಿಗೆ ಹಿತವೇ. ಕೆಂಪು ಕಂಡರೆ ಸುಣ್ಣ ಸಾಲದು. ಅಂಥ ದ್ರಾವಣ ಎಳೆಗಾಯನ್ನು ಸುಡುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ.

ಪೀಪಾಯಿ ಬರಿದಾದ ಮೇಲೂ ಪಂಪು ಓಡುತ್ತಿರುವಂತೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ರಿಂಗನ್ನು ತಂಪಾಗಿಡುವ ನೀರೂ ಇಲ್ಲವಾಗಿ ರಬ್ಬರು ಕೆಲವೇ ನಿಮಿಷಗಳಲ್ಲಿ ಕಮರುತ್ತದೆ. ಪೀಪಾಯಿಯ ಬಳಿ ನಿಲ್ಲುವ ಹುಡುಗನಿಗೆ ಇದೊಂದನ್ನು ಒತ್ತಿ ಹೇಳಿರಬೇಕು. ಗ್ರೀಸಿನ ಬಟ್ಟಲಿರುವ ಪಂಪಾದರೆ ಅದನ್ನು ಕೆಲಸದ ನಡುವೆ ಆಗಾಗ ತಿರುಗಿಸುತ್ತಿರಬೇಕು. ಸಂಜೆ ಶುದ್ಧ ನೀರಿನಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಒಳಗೆ ನಿಂತ ಸುಣ್ಣ ಹೊರಬೀಳುತ್ತದೆ.

ಹಂಗಾಮು ಮುಗಿದು ಪಂಪನ್ನು ಅಟ್ಟಕ್ಕೇರಿಸುವ ಮುನ್ನ ಚರ್ಮದ ವಾಷರಿಗೆ ಹರಳೆಣ್ಣೆ ಸವರಿಡಬಹುದು, ಚರ್ಮ ಮೆತ್ತಗಿರುತ್ತದೆ. ರಬ್ಬರಿನದಾದರೆ ಎಂಜಿನ್ ಎಣ್ಣೆ, ಸೀಮೆಎಣ್ಣೆಗಳನ್ನು ಸೋಕಿಸಬೇಡಿ. ಸಾಧಾರಣ ರಬ್ಬರು ಅವನ್ನು ಹೀರಿ ಊದಿಕೊಳ್ಳುತ್ತದೆ, ಮುಂದಿನ ಸಲ ಕೊಳವೆಯೊಳಗೆ ಕೂರುವುದೇ ಇಲ್ಲ.