ಎರಡು ಖಂಡಗಳ ರಾಗಿ



ಜಗತ್ತಿನ ಆಹಾರದ ಕೊರತೆಯ ಮಾತು ಬಂದಾಗಲೆಲ್ಲ ನಾವು ಗೋಧಿ, ಭತ್ತದಿಂದಲೇ ಶುರು ಮಾಡುತ್ತೇವೆ. 1966ರಲ್ಲಿ ಸುಮಾರು 1 ಕೋಟಿ ಟನ್ ಧಾನ್ಯವನ್ನು ಹೊರಗಿನಿಂದ ತರಿಸಿ ಉಂಡ ದೇಶ ಹಸಿರು ಕ್ರಾಂತಿಯನ್ನು ನೆನೆಯುವುದು ಸಹಜ. ಆದರೆ ಆ ಕ್ರಾಂತಿ ಫಲ ಕೊಟ್ಟದ್ದು ಹೆಚ್ಚಾಗಿ ಕಾಲುವೆ, ಕೊಳವೆಬಾವಿ ಇದ್ದ ಕಡೆ. ಮಳೆಯನ್ನೇ ನಂಬಿದ ಹೊಲಕ್ಕಾಗಿ ದುಡಿದವರು ಕಡಿಮೆ. ಅಂಥವರಲ್ಲಿ ಒಬ್ಬರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿದ್ದ ಲಕ್ಷ್ಮಣಯ್ಯನವರು. ಜನ ಅವರನ್ನು ಕರೆದದ್ದೇ ರಾಗಿ ಲಕ್ಷ್ಮಣಯ್ಯ ಎಂದು.

ರಾಗಿಯಲ್ಲಿ ಹೊಸ ತಳಿ ಕಟ್ಟುವುದು ಬಲು ಕಷ್ಟದ ಕೆಲಸ. ತೆನೆಯ ಇಲುಕುಗಳಲ್ಲಿ ಒತ್ತೊತ್ತಾಗಿ ಕೂತ ಹೂಗಳು ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕವು. ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ ಅರಳಿ, ತಮ್ಮದೇ ಪರಾಗದಿಂದ ಕಾಳು ಕಟ್ಟಿಬಿಡುತ್ತವೆ. ಕೇಸರವನ್ನು ಒಂದೊಂದಾಗಿ ಚಿಮುಟದಲ್ಲಿ ಕೀಳುತ್ತ ಕೂತರೆ ದಿನವೆಲ್ಲ ಕಳೆದರೂ ಕೆಲಸ ಸಾಗದು. ಅದಕ್ಕೇ ರಾಗಿಯವರು ಹಿಡಿದ ದಾರಿಯೊಂದಿದೆ: ಎರಡು ತಳಿಗಳ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಸೇರಿಸಿ ಕಟ್ಟುವುದು. ಎಲ್ಲೋ ಕೆಲವು ಹೂಗಳಿಗೆ ಪಕ್ಕದ ತೆನೆಯ ಪರಾಗ ತಗಲುತ್ತದೆ. ತಾಯಿತೆನೆಯ ಕಾಳನ್ನೆಲ್ಲ ಮತ್ತೆ ಬಿತ್ತಿ, ಆ ಪೈರಿನ ನಡುವೆ ತಂದೆಗಿಡದ ಕೆನ್ನೇರಳೆ ಬಣ್ಣ ಗೆಣ್ಣಿಗಿಳಿದಿರುವ ಸಸಿಗಳನ್ನು ಹುಡುಕಬೇಕು. ಅಲ್ಲಿಂದ ಮುಂದೆ ತಲೆಮಾರಿನ ಮೇಲೆ ತಲೆಮಾರು ಆಯ್ಕೆ. ಹೊಲದಲ್ಲಿ ಬಗ್ಗಿ ನಡೆಯುವವರಿಗಷ್ಟೇ ದಕ್ಕುವ ವಿದ್ಯೆ ಇದು.

ಲಕ್ಷ್ಮಣಯ್ಯನವರು ಮೊದಲು ನಮ್ಮ ನಾಡಿನ ರಾಗಿಗಳನ್ನೇ ಕೂಡಿಸಿ ಅರುಣ, ಉದಯ, ಪೂರ್ಣ, ಕಾವೇರಿಯಂಥ ತಳಿಗಳನ್ನು ಕೊಟ್ಟರು. 1960ರ ದಶಕದಲ್ಲಿ ಅವರ ಕಣ್ಣು ಆಫ್ರಿಕಾದ ರಾಗಿಯ ಮೇಲೆ ಬಿತ್ತು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲವೇ ತಾನೇ. ಅಲ್ಲಿಯ ಪೈರಿಗೆ ದಪ್ಪ ದಂಟು, ತುಂಬಿದ ತೆನೆ, ಬೆಂಕಿ ರೋಗಕ್ಕೆ ಬಗ್ಗದ ಗುಣ. ಆದರೆ ಕೊಯ್ಲಿಗೆ ಬರುವುದು ತಡ. ನಮ್ಮದು ಬೇಗ ಬರುತ್ತದೆ, ಚೆನ್ನಾಗಿ ತೆಂಡೆ ಹೊಡೆಯುತ್ತದೆ, ಆದರೆ ಬೆಂಕಿ ರೋಗ ಬಂದರೆ ಕುತ್ತಿಗೆ ಮುರಿದು ಜೊಳ್ಳಾಗುತ್ತದೆ. ಎರಡನ್ನೂ ಕೂಡಿಸಿ ಬಂದದ್ದೇ ಇಂಡಾಫ್ ತಳಿಗಳು. ಹೆಸರಲ್ಲೇ ಇಂಡಿಯಾ, ಆಫ್ರಿಕಾ ಎರಡೂ ನೆಲಗಳಿವೆ. ಇವು ಹಬ್ಬಿದಂತೆ ಒಣಬೇಸಾಯದವರ ಕಣದಲ್ಲಿ ರಾಶಿ ದೊಡ್ಡದಾಯಿತು. ಬೆಂಕಿ ರೋಗ ತಡೆದುಕೊಳ್ಳುವ ಜಿಪಿಯು-28 ತಳಿ ಬಂದದ್ದು ಆಮೇಲೆ, 1990ರ ದಶಕದಲ್ಲಿ. ಅದರ ಪೂರ್ವಜರಲ್ಲೂ ಇಂಡಾಫ್ ಇದೆ.

ಹೊಸತನ್ನು ಕಂಡುಕೊಳ್ಳುವವರು ವಿಜ್ಞಾನಿಗಳಷ್ಟೇ ಅಲ್ಲ. ಹಾವೇರಿ ಕಡೆಯ ರೈತರ ಗುಳಿ ರಾಗಿ ನೋಡಿ. ಹೊಲಕ್ಕೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಹೊಡೆದು, ಗೆರೆಗಳು ಸೇರುವಲ್ಲಿ ಗುಳಿ ಮಾಡಿ, ಗೊಬ್ಬರ ಹಾಕಿ ಎಳೆ ಸಸಿ ನೆಡುತ್ತಾರೆ. ಬೇರು ಹಿಡಿದ ಮೇಲೆ ಪೈರಿನ ಮೇಲೇ ಕೊರಡು ಎಳೆಯುತ್ತಾರೆ. ನೋಡುವವರಿಗೆ ಬೆಳೆ ಹಾಳಾಯಿತೆನಿಸುತ್ತದೆ. ಆದರೆ ಬಾಗಿದ ಸಸಿ ಬುಡದಿಂದ ತೆಂಡೆ ಹೊಡೆದು ಮೇಲೇಳುತ್ತದೆ. ಎರಡೂ ಕಡೆ ಕುಂಟೆ ಹೊಡೆಯಬಹುದಾದ್ದರಿಂದ ಕಳೆ ಕೀಳುವ ಹೆಂಗಸರ ಸೊಂಟಕ್ಕೂ ಒಂದಿಷ್ಟು ಬಿಡುವು.

ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಹಸಿದವರು ಸುಮಾರು 67 ಕೋಟಿ, ಅದರಲ್ಲಿ 30 ಕೋಟಿಗೂ ಹೆಚ್ಚು ಜನ ಆಫ್ರಿಕಾದವರು. ನಮ್ಮ ಹೊಲಕ್ಕೆ ರೋಗ ತಡೆಯುವ ಶಕ್ತಿ ಕೊಟ್ಟ ನೆಲ ಅದು. ಉಗಾಂಡ, ಕೀನ್ಯಾದ ರಾಗಿ ರೈತರು ಇವತ್ತಿಗೂ ಬೆಂಕಿ ರೋಗದ ಜೊತೆ, ಬೇರು ಹೀರುವ ಸ್ಟ್ರೈಗ ಕಳೆಯ ಜೊತೆ ಹೋರಾಡುತ್ತಿದ್ದಾರೆ. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಬೀಜದ ಪೊಟ್ಟಣ ಕಳಿಸಿ ಸುಮ್ಮನಾಗಬಾರದು. ನಮ್ಮ ತಳಿ ಕಟ್ಟುವವರು ಅಲ್ಲಿಗೆ ಹೋಗಿ ಅಲ್ಲಿಯ ಮಳೆಗಾಲದಲ್ಲೇ ಆಯ್ಕೆ ಮಾಡಬೇಕು, ಜೊತೆಗೆ ಹಾವೇರಿಯ ಒಬ್ಬ ರೈತ ಕೊರಡು ಹಿಡಿದು ಹೋಗಬೇಕು. ಕೃಷಿಗೆ ನೆರವಾಗುವ ದತ್ತಿಗಳ ಹಣದಲ್ಲಿ ಒಂದು ಪಾಲು ಆ ಪ್ರಯಾಣಕ್ಕೆ ಮೀಸಲಾಗಲಿ ಎಂದು ಕೇಳಿಕೊಳ್ಳುತ್ತೇನೆ.